ಕೋರಮಂಡಲ್‌ನಲ್ಲಿ ಉದ್ದ ಸಂಗು ಕೂಗಿದ ದಿನ

ನಮ್ಮ ತಂಡಕ್ಕೆ ‘ಗೋಲ್ಡ್ ಕ್ವೀನ್ಸ್’ ಎಂದು ಹೆಸರಿಟ್ಟ ಪುಣ್ಯಾತ್ಮ ಕೆಜಿಎಫ್‌ಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಗಣಿ ಮುಚ್ಚಿ ಒಂದು ತಲೆಮಾರೇ ಬೆಳೆದು ನಿಂತ ಊರಿನಲ್ಲಿ ರಾಣಿಯರು ಎಲ್ಲಿಂದ ಬರಬೇಕು? ಇಲ್ಲಿರುವವರು ಕತ್ತಲಲ್ಲೇ ಎದ್ದು ಬೆಂಗಳೂರು ರೈಲಿಗೆ ಓಡುವ ಹೆಂಗಸರು, ಅವರ ಮಕ್ಕಳನ್ನು ಕಾಯುತ್ತ ಮನೆಯಲ್ಲಿ ಉಳಿಯುವ ಅಜ್ಜಿಯರು. ಟಿಕೆಟ್ ತಗೊಂಡು ಹುಡುಗಿಯರ ಬಾಸ್ಕೆಟ್‌ಬಾಲ್ ನೋಡಿ ಎಂದರೆ, “ನಮ್ಮನೇಲೇ ಮೂರು ಹುಡುಗೀರು ದಿನಾ ಕುಣೀತವೆ, ಅದ್ಕೆ ಟಿಕೆಟ್ ಇಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಾನು ಶಶಿರೇಖ. ಬಂಗಾರಪೇಟೆಯ ಒಂದು ಪ್ರೌಢಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಮೊದಲ ವರ್ಷ ದೆಹಲಿಯಿಂದ ಬಂದಿದ್ದ ಕೋಚ್ ಇಲ್ಲಿನ ನೀರು ಒಗ್ಗದೆ ಗಂಟುಮೂಟೆ ಕಟ್ಟಿದ ಮೇಲೆ ಸೀಟಿ ನನ್ನ ಕೊರಳಿಗೆ ಬಂತು. ನಾನು ಆಡುವ ಕಾಲದಲ್ಲಿ ಹೆಂಗಸರಿಗೆ ಲೀಗೂ ಇರಲಿಲ್ಲ, ಸಂಬಳವೂ ಇರಲಿಲ್ಲ. ರಾಜ್ಯ ತಂಡದಲ್ಲಿ ಆಡಿದೆ. ನೋಡುವವರಲ್ಲಿ ಮೈದಾನ ಗುಡಿಸಲು ಬಂದವರೇ ಹೆಚ್ಚು. ನನ್ನ ಅಪ್ಪ ಜಯರಾಮಪ್ಪನವರಿಗೆ ಬಂಗಾರಪೇಟೆಯಲ್ಲಿ ಟೊಮೆಟೊ ಮಂಡಿ ಇತ್ತು. “ಬುಟ್ಟಿ ತುಂಬೋ ಆಸೆ ಇದ್ರೆ ಮಂಡೀಗ್ ಬಾರಮ್ಮ, ಕೆಲ್ಸ ಬೇಕಾದಷ್ಟದೆ” ಎಂದು ರೇಗಿಸುತ್ತಿದ್ದರೇ ಹೊರತು ಒಂದು ದಿನವೂ ನನ್ನ ಆಟ ನೋಡಲು ಬರಲಿಲ್ಲ. ಅವರು ತೀರಿಕೊಂಡ ಮೇಲೆ ಆ ಸಿಟ್ಟನ್ನು ಯಾರ ಮೇಲೆ ತೋರಿಸಬೇಕೋ ತಿಳಿಯದೆ ಆಟಗಾರ್ತಿಯರ ಮೇಲೆ ತೋರಿಸಿಕೊಂಡು ಬಂದಿದ್ದೇನೆ.

ಆ ಸಿಟ್ಟಿನ ಸಿಂಹಪಾಲು ಉಂಡವಳು ಅರ್ಚನ. ಬೇತಮಂಗಲದ ಹುಡುಗಿ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಸಗಣಿ ಬಾಚಿ, ಬಸ್ಸು ಹಿಡಿದು ಕೆಜಿಎಫ್‌ನ ಕೋರಮಂಡಲ್‌ಗೆ ಬಂದು ಅಭ್ಯಾಸ ಮಾಡಿ, ಸಂಜೆ ಮತ್ತೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು. ಅವಳ ಅಪ್ಪ ಸೀನಪ್ಪನ ಮಾತು ಒಂದೇ. “ಮನೇಲಿದ್ಕೊಂಡು ಆಡೋದಾದ್ರೆ ಆಡು ಮಗ, ನಾನೇನೂ ಬ್ಯಾಡ ಅನ್ನಲ್ಲ. ಟೀಮು ಬೇರೆ ಊರ್ಗೆ ಓದ್ರೆ ನೀನು ಓಗಂಗಿಲ್ಲ. ಇಷ್ಟು ದನ ನಾನೊಬ್ನೇ ನೋಡಕ್ಕಾಗಲ್ಲ.” ಅವನನ್ನು ಕೆಟ್ಟವನೆನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ಮನೆಯಲ್ಲಿ ದುಡಿಯುವ ಕೈ ನಾಲ್ಕೇ, ಅದರಲ್ಲಿ ಎರಡು ಇವಳವು.

ಲೀಗ್ ಎರಡನೇ ವರ್ಷಕ್ಕೆ ಕಾಲಿಟ್ಟಾಗ ಒಂದು ನಿಯಮ ಬಂತು. ಎಂಟು ತಂಡಗಳಲ್ಲಿ ಮೊದಲ ನಾಲ್ಕು ತಂಡಗಳು ಮಾತ್ರ ತಮ್ಮ ಊರಿನಲ್ಲೇ ಉಳಿಯುತ್ತವೆ. ಉಳಿದ ನಾಲ್ಕನ್ನು ದೊಡ್ಡ ಊರುಗಳಿಗೆ ಸಾಗಿಸುತ್ತಾರೆ. ಕೊನೆಯ ಪಂದ್ಯದ ದಿನ ನಾವು ಐದನೆಯವರು, ಎದುರಾಳಿ ಕೊಯಮತ್ತೂರು ನಾಲ್ಕನೆಯದು. ಗೆದ್ದರೆ ತಂಡ ಕೆಜಿಎಫ್‌ನಲ್ಲೇ ಇರುತ್ತದೆ, ಅರ್ಚನ ಆಡುತ್ತಾಳೆ. ಸೋತರೆ ತಂಡ ಯಾವುದೋ ಊರಿಗೆ, ಅರ್ಚನ ಕೊಟ್ಟಿಗೆಗೆ.

ಇದರ ಮೇಲೆ ಇವಳಿಗೊಂದು ರೋಗ. ಓಡುತ್ತಿರುವಾಗ ಹತ್ತು ಜನರ ನಡುವೆ ನುಗ್ಗಿ ಚೆಂಡು ಹಾಕುತ್ತಾಳೆ. ಆದರೆ ಫ್ರೀ ಥ್ರೋ, ಅಂದರೆ ಎಲ್ಲರೂ ದೂರ ನಿಂತು ಗೆರೆಯ ಮೇಲೆ ಇವಳೊಬ್ಬಳನ್ನೇ ಬಿಟ್ಟು ‘ಹಾಕಮ್ಮ’ ಎಂದರೆ ಕೈ ಕಟ್ಟಿಹೋಗುತ್ತದೆ. ಕೇಳಿದರೆ, “ಮಿಸ್, ಖಾಲಿ ಕುರ್ಚಿಗಳೆಲ್ಲಾ ನನ್ನೇ ನೋಡ್ತಿದ್ದಂಗೆ ಆಯ್ತದೆ” ಎನ್ನುತ್ತಾಳೆ. ನಮ್ಮ ಒಳಾಂಗಣದಲ್ಲಿ ಖಾಲಿ ಕುರ್ಚಿಗೇನು ಬರವೇ? ಕೋರಮಂಡಲ್‌ನ ಹಳೆಯ ಕ್ಲಬ್ಬಿನ ಪಕ್ಕ ತಗಡಿನ ಛಾವಣಿ ಹಾಕಿ, ಮರದ ನೆಲ ಮಾಡಿ, ಸುತ್ತ ಕುರ್ಚಿ ಜೋಡಿಸಿದ್ದರು. ಅವುಗಳಲ್ಲಿ ಕೂತು ಪಂದ್ಯ ನೋಡಿದ್ದು ಮನುಷ್ಯರಿಗಿಂತ ಪಾರಿವಾಳಗಳೇ ಜಾಸ್ತಿ.

ಕಂಪನಿಯ ಮ್ಯಾನೇಜರ್ ಮಂಜೇಶ್ ಬೆಂಗಳೂರಿನವನು. ಮಾತೆತ್ತಿದರೆ ‘ಲೋಕಲ್ ಟಚ್’ ಎನ್ನುವ ಗಿರಾಕಿ. ಆ ಕೊನೆಯ ಪಂದ್ಯಕ್ಕೆಂದು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯಿಂದ ಗಣಿ ಕಾಲದ ಹಳೆಯ ಸೈರನ್ ಒಂದನ್ನು ತಂದು ಛಾವಣಿಯ ಮೇಲೆ ಕೂರಿಸಿದ. ಊರಿನವರು ಅದನ್ನು ಸಂಗು ಎನ್ನುತ್ತಾರೆ. ಆಟದ ನಾಲ್ಕು ಕ್ವಾರ್ಟರುಗಳಲ್ಲಿ ಒಂದೊಂದು ಮುಗಿದಾಗಲೂ ಬಜರ್ ಬದಲು ಸಂಗು ಊದಿದರೆ ಟಿವಿಯಲ್ಲಿ ಸಖತ್ತಾಗಿರುತ್ತದೆ ಎಂದು ಅವನ ಲೆಕ್ಕ. ಅದಕ್ಕೆ ಕರೆಂಟು ಕೊಟ್ಟವನು ಉರಿಗಾಂನ ಎಲೆಕ್ಟ್ರಿಷಿಯನ್ ವೆಂಕಿ, ನನ್ನ ವಯಸ್ಸಿನವನು.

“ಸಣ್ಣದಾಗಿ ಊದಿದ್ರೆ ಶಿಫ್ಟ್ ಮುಗೀತು ಅಂತ ಸಾರ್. ಉದ್ದಕ್ಕೆ ಮಾತ್ರ ಊದ್ಬಾರ್ದು,” ಎಂದ ವೆಂಕಿ.

“ಊದಿದ್ರೆ ಏನಾಗುತ್ತೆ?” ಎಂದ ಮಂಜೇಶ್.

“ಬ್ಯಾಡ ಬಿಡಿ ಸಾರ್,” ಎಂದು ವೆಂಕಿ ಏಣಿ ಹತ್ತಿಬಿಟ್ಟ. ನಾನು ಬಂಗಾರಪೇಟೆಯವಳು. ಗಣಿ ಹತ್ತಿರವಿದ್ದರೂ ಗಣಿಯ ಮನೆಗಳ ಒಳಗಿನ ಸಂಗತಿ ನನಗೂ ಗೊತ್ತಿರಲಿಲ್ಲ. ಮೋಟರ್ ಸುಟ್ಟುಹೋಗುತ್ತದೇನೋ ಎಂದುಕೊಂಡು ಸುಮ್ಮನಾದೆ.

ಭಾನುವಾರ ಮಧ್ಯಾಹ್ನ ಪಂದ್ಯ ಶುರುವಾಯಿತು. ಕುರ್ಚಿಗಳು ಎಂದಿನಂತೆ ಖಾಲಿ. ಮೊದಲ ಕ್ವಾರ್ಟರ್ ಮುಗಿದಾಗ ವೆಂಕಿ ಸಣ್ಣದಾಗಿ ಊದಿದ. ಆಚೆ ಗಣಿ ಕಾರ್ಮಿಕರ ಲೈನ್ ಮನೆಯ ಅಜ್ಜಿಯೊಬ್ಬಳು ಗಂಡ ಕೆಲಸದಿಂದ ಬರುವ ಹೊತ್ತಾಯಿತೆಂದು ಒಲೆಯ ಮೇಲೆ ಕಾಫಿಗೆ ನೀರಿಟ್ಟಳಂತೆ. ಆ ಗಂಡ ಸತ್ತು ಎಷ್ಟೋ ವರ್ಷವಾಗಿದೆ. ಇದು ನನಗೆ ಆಮೇಲೆ ತಿಳಿದದ್ದು.

ಎರಡನೇ ಕ್ವಾರ್ಟರಿನಲ್ಲಿ ಕೊಯಮತ್ತೂರಿನವರು ನಮ್ಮನ್ನು ಅರೆದು ಚಟ್ನಿ ಮಾಡಿದರು. ಅರ್ಚನಳಿಗೆ ನಾಲ್ಕು ಫ್ರೀ ಥ್ರೋ ಸಿಕ್ಕವು, ನಾಲ್ಕೂ ಹಾಳು. ಚೆಂಡು ಮುಂದಕ್ಕೆ ಸಾಗಿಸುವ ನಮ್ಮ ಪುಟ್ಟ ಗಾರ್ಡ್ ಹರಿಪ್ರಿಯಾ ಕಾರ್ಖಾನೆ ಕೆಲಸಕ್ಕೆಂದು ಧಾರವಾಡ ಕಡೆಯಿಂದ ಬಂದವರ ಮಗಳು. ಚೆಂಡಿಗೆ ಬಿದ್ದು ಬಿದ್ದು ಎರಡೂ ಮೊಣಕೈ ತರಚಿಕೊಂಡಳು. ಹದಿನಾಲ್ಕು ಪಾಯಿಂಟ್ ಹಿಂದಿದ್ದಾಗ ಅರ್ಧ ಆಟ ಮುಗಿಯಿತು, ನಮ್ಮ ಹುಡುಗಿಯರು ಡ್ರೆಸಿಂಗ್ ರೂಮು ಸೇರಿದರು. ವೆಂಕಿ ಸ್ವಿಚ್ ಒತ್ತಿದ.

ಸ್ವಿಚ್ ಅಂಟಿಕೊಂಡಿತು.

ಸಂಗು ಕೂಗಿತು. ನಿಲ್ಲಲೇ ಇಲ್ಲ. ತಗಡಿನ ಛಾವಣಿ ಗಡಗಡ ನಡುಗಿತು, ಪಾರಿವಾಳಗಳೆಲ್ಲ ಎದ್ದವು. ನಾನು ಎರಡೂ ಕಿವಿ ಮುಚ್ಚಿಕೊಂಡು ಮಂಜೇಶನನ್ನು ಬಾಯಿಗೆ ಬಂದಂತೆ ಬೈದೆ. ಕೇಳಿಸಲಿಲ್ಲ, ಅವನ ಅದೃಷ್ಟ. ವೆಂಕಿ ಛಾವಣಿ ಹತ್ತಿ ವೈರ್ ಕತ್ತರಿಸುವಷ್ಟರಲ್ಲಿ ಸಾಕಷ್ಟು ಹೊತ್ತಾಗಿತ್ತು. ಇಳಿದು ಬಂದವನ ಮುಖದಲ್ಲಿ ರಕ್ತವಿರಲಿಲ್ಲ.

“ಮೇಡಂ, ಬತ್ತಾವ್ರೆ,” ಎಂದ.

“ಯಾರೋ?”

“ಎಲ್ರೂ.”

ಬಾಗಿಲ ಬಳಿ ಹೋಗಿ ನೋಡಿದೆ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ, ಉರಿಗಾಂ ಕಡೆಯಿಂದ, ಲೈನ್ ಮನೆಗಳ ಸಂದುಗಳಿಂದ ಹೆಂಗಸರು ಓಡಿ ಬರುತ್ತಿದ್ದರು. ನೈಟಿಯ ಮೇಲೆ ಟವೆಲ್ ಹೊದ್ದವರು, ಹಿಟ್ಟಿನ ಕೈಯವರು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡವರು. ಮೊಣಕಾಲು ನೋವೆಂದು ದೇವಸ್ಥಾನದ ಮೆಟ್ಟಿಲೂ ಹತ್ತದ ಮುದುಕಿಯರು ಓಡುತ್ತಿದ್ದರು. ಗಣಿಯ ಒಳಗೆ ಬಂಡೆ ಸಿಡಿದರೆ ಉದ್ದ ಸಂಗು ಊದುತ್ತಿದ್ದರಂತೆ. ಅದು ಕೂಗಿದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೆಂಗಸರೆಲ್ಲ ಗಣಿಯ ಬಾಯಿಗೆ ಬಂದು ನಿಲ್ಲಬೇಕು. ಗಣಿ ಮುಚ್ಚಿದೆ ಎಂದು ಅವರ ತಲೆಗೆ ಗೊತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ಟಿವಿಯ ಚೆಂದಕ್ಕೆಂದು ನಾವು ಎಂಥ ಕೆಲಸ ಮಾಡಿಬಿಟ್ಟಿದ್ದೆವು!

ಎಲ್ಲರಿಗಿಂತ ಮುಂದೆ ಬಂದವಳು ಮುತ್ಯಾಲಮ್ಮ. ಎಪ್ಪತ್ತು ದಾಟಿದ ಒಣಕಲು ಹೆಂಗಸು. ಟಿಕೆಟ್ ಕೇಳಲು ಹೋದ ಕಾವಲುಗಾರನನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿ, ಹೊಳೆಯುವ ಮರದ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದು ನಡುವೆ ನಿಂತಳು.

“ಒಳ್ಗೆ ಎಷ್ಟು ಜನ ಅವ್ರೆ?”

“ಯಾರೂ ಇಲ್ಲಮ್ಮ,” ಎಂದೆ. “ಗಣಿ ಮುಚ್ಚಿ...”

“ಮುಚ್ಚಿರೋದು ನಂಗ್ ಗೊತ್ತಿಲ್ವಾ? ಮುಚ್ಚಿದ್ ಮೇಲೆ ಸಂಗು ಯಾಕ್ ಕೂಗ್ತು ಅಂತ ಕೇಳ್ತಿರೋದು.”

ಮಂಜೇಶ್ ಮುಂದೆ ಬಂದು, ಇದು ಲೋಕಲ್ ಟಚ್, ಪಂದ್ಯದ ಪ್ರಚಾರ ಎಂದು ವಿವರಿಸಲು ಹೊರಟ. ಮುತ್ಯಾಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅಡಪ್ಪಾವಿ! ಎರಡ್ ಸಲ ಈ ಸಂಗು ಕೇಳಿ ಓಡ್ ಬಂದಿವ್ನಿ ಕಣ್ಲಾ ನಾನು. ಮೊದಲ್ನೇ ಸಲ ಗಂಡ ಮೇಲ್ ಬಂದ. ಎರಡ್ನೇ ಸಲ ಬರ್ನಿಲ್ಲ. ನಿಂಗೆ ಇದು ಆಟದ್ ಪೀಪಿನಾ?” ಎಂದಳು. ಆಮೇಲೆ ತಮಿಳಿನಲ್ಲೂ ತೆಲುಗಿನಲ್ಲೂ ಅವನ ವಂಶವನ್ನು ವಿಚಾರಿಸಿಕೊಂಡಳು. ಮಂಜೇಶನಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಬೆಂಚಿನಲ್ಲೇ ಉಳಿದಿದ್ದ ಕೊಯಮತ್ತೂರಿನ ಹುಡುಗಿಯರ ಕಣ್ಣು ಅಗಲವಾದದ್ದನ್ನು ನೋಡಿಯೇ ಬೆವರಿದ.

ನಾನು ಹೋಗಿ ಆಕೆಯ ಕಾಲು ಹಿಡಿದೆ. ನಾಟಕಕ್ಕಲ್ಲ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. “ತಪ್ಪಾಯ್ತಮ್ಮ. ಎಲ್ಲರೂ ಮನೆಗೆ ಹೋಗಿ. ಏನೂ ಆಗಿಲ್ಲ.”

“ಅಂಗೆಲ್ಲಾ ಓಗಕ್ಕಾಗಲ್ಲ,” ಎಂದಳು ಮುತ್ಯಾಲಮ್ಮ. ಸಿಟ್ಟು ಈಗ ಇಳಿದಿತ್ತು. “ಉದ್ದ ಸಂಗು ಕೂಗಿದ್ ಮೇಲೆ, ಒಳ್ಗಿರೋರೆಲ್ಲಾ ಈಚೆ ಬಂದು ಅವ್ರ ಎಸ್ರು ಕೂಗೋವರ್ಗೂ ಮನೇಗ್ ಓಗಂಗಿಲ್ಲ. ಓದ್ರೆ ಒಳ್ಗಿರೋರ್ಗೆ ಒಳ್ಳೇದಲ್ಲ.” ಡ್ರೆಸಿಂಗ್ ರೂಮಿನ ಬಾಗಿಲ ಕಡೆ ಕೈ ತೋರಿಸಿದಳು. “ಅಲ್ಲಿ ಯಾರವ್ರೆ?”

“ನಮ್ಮ ಹುಡುಗಿಯರು. ಆಟ ಆಡುವವರು.”

“ಬರ್ಲಿ. ಕಾಯ್ತೀವಿ.”

ಹೀಗೆ, ಎರಡು ವರ್ಷ ಪಾಂಪ್ಲೆಟ್ ಹಂಚಿ ಆಟೋದಲ್ಲಿ ಕೂಗಿಸಿದರೂ ತುಂಬದ ಕುರ್ಚಿಗಳು ಅರ್ಧ ಗಂಟೆಯಲ್ಲಿ ತುಂಬಿದವು. ಕುರ್ಚಿ ಸಿಗದವರು ಮೆಟ್ಟಿಲ ಮೇಲೆ, ಬಾಗಿಲಲ್ಲಿ, ಆಚೆ ರಸ್ತೆಯವರೆಗೆ ನಿಂತರು. ರೆಫರಿ ಗಡಿಯಾರ ನೋಡಿಕೊಂಡ. ಈ ಹೆಂಗಸರನ್ನು ಎಬ್ಬಿಸುವ ಧೈರ್ಯವಿದ್ದವರು ಎಬ್ಬಿಸಿ ಎಂಬಂತೆ ಕೈ ಕಟ್ಟಿ ಕೂತ.

ಡ್ರೆಸಿಂಗ್ ರೂಮಿನ ಬಾಗಿಲು ತೆರೆಯಿತು. ಮೊದಲು ಬಂದವಳು ಅರ್ಚನ, ಅತ್ತು ಊದಿಕೊಂಡ ಮುಖ. ಮುತ್ಯಾಲಮ್ಮ ಅವಳ ಗಲ್ಲ ಹಿಡಿದೆತ್ತಿದಳು.

“ಏನ್ ಎಸ್ರು? ಯಾರ್ ಮಗಳು?”

“ಅರ್ಚನ. ಬೇತಮಂಗಲ ಸೀನಪ್ಪನ ಮಗಳು.”

ಮುತ್ಯಾಲಮ್ಮ ತಿರುಗಿ ನಿಂತು ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದಳು. “ಅರ್ಚನಾ! ಬೇತಮಂಗಲ ಸೀನಪ್ಪನ ಮಗಳು! ಬಂದ್ಳು!”

ಮೊದಲ ಸಾಲಿನವರು ಹಿಂದೆ ತಿರುಗಿ ಅದನ್ನೇ ಕೂಗಿದರು. ಎರಡನೇ ಸಾಲಿನವರು ಮೂರನೇ ಸಾಲಿಗೆ ಕೂಗಿದರು. ಹೆಸರು ಸಾಲಿಂದ ಸಾಲಿಗೆ ದಾಟಿ, ಬಾಗಿಲು ದಾಟಿ, ರಸ್ತೆಯಲ್ಲಿ ನಿಂತವರವರೆಗೆ ಹೋಯಿತು. ಗಣಿಯಿಂದ ಒಬ್ಬೊಬ್ಬನೇ ಮೇಲೆ ಬಂದಾಗ, ಹಿಂದೆ ನಿಂತ ಹೆಂಡತಿಗೆ ತಾಯಿಗೆ ತಿಳಿಯಲೆಂದು ಹೀಗೇ ಹೆಸರು ದಾಟಿಸುತ್ತಿದ್ದರಂತೆ. ಅರ್ಚನ ಬಾಯಿ ತೆರೆದು ತನ್ನ ಹೆಸರು ಹೋದ ದಾರಿಯನ್ನೇ ನೋಡುತ್ತಿದ್ದಳು. ಹಿಂದೆಯೇ ಹರಿಪ್ರಿಯಾ ಬಂದಳು, ಉಳಿದವರೂ ಬಂದರು. ಎಲ್ಲರ ಹೆಸರೂ ಅಪ್ಪನ ಹೆಸರಿನ ಸಮೇತ ರಸ್ತೆಗೆ ಹೋದವು.

“ಇನ್ನು ಹೋಗುತ್ತೀರಾ ಅಮ್ಮ?” ಎಂದೆ, ಹೋಗಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ.

“ಆಟ ಮುಗೀತಾ?”

“ಇಲ್ಲ, ಇನ್ನರ್ಧ ಇದೆ.”

“ಅಂದ್ರೆ ಮತ್ತೆ ಒಳ್ಗ್ ಓಗ್ತಾವ್ರೆ. ಅಂಗಾದ್ರೆ ಕೂತ್ಕೋತೀವಿ,” ಎಂದು ನನ್ನ ಕುರ್ಚಿಯಲ್ಲೇ ಕೂತಳು.

ಮೂರನೇ ಕ್ವಾರ್ಟರಿನಲ್ಲಿ ನಾನು ಹೇಳಿಕೊಟ್ಟದ್ದೇನೂ ಇಲ್ಲ, ಸುಳ್ಳೇಕೆ? ಹರಿಪ್ರಿಯಾ ಎದುರಾಳಿಯ ಕೈಯಿಂದ ಚೆಂಡು ಕಿತ್ತಳು, ಮುತ್ಯಾಲಮ್ಮ “ಅರಿಪ್ರಿಯಾ!” ಎಂದಳು, ಹೆಸರು ರಸ್ತೆಗೆ ಹೋಯಿತು. ಅರ್ಚನ ನುಗ್ಗಿ ಬುಟ್ಟಿಗೆ ಹಾಕಿದಳು, ಅವಳ ಹೆಸರೂ ಹೋಯಿತು. ಆಟದ ನಿಯಮ ಒಂದೂ ಗೊತ್ತಿಲ್ಲದ ಹೆಂಗಸರು, ಬಿದ್ದವರ ಹೆಸರನ್ನೂ ಕೂಗಿದರು, ಎದ್ದವರ ಹೆಸರನ್ನೂ ಕೂಗಿದರು. ನಮ್ಮ ಹುಡುಗಿಯನ್ನು ತಳ್ಳಿದ ಕೊಯಮತ್ತೂರಿನವಳಿಗೆ ತಮಿಳಿನಲ್ಲಿ ಬುದ್ಧಿ ಹೇಳಿದರು. ಪಾಪ, ಅವಳಿಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು. ಮುಂದಿನ ಸಲ ತಳ್ಳುವ ಮೊದಲು ಅವಳು ಅಜ್ಜಿಯರ ಕಡೆ ನೋಡಿಕೊಂಡಳು. ಹದಿನಾಲ್ಕರ ಅಂತರ ಎಂಟಾಯಿತು, ನಾಲ್ಕಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಕೋರಮಂಡಲ್‌ನಲ್ಲಿ ಸಂಗು ಕೂಗಿತು, ಕ್ಲಬ್ಬಿನ ಹತ್ತಿರ ನೆಲ ಕುಸಿದು ಹುಡುಗಿಯರು ಸಿಕ್ಕಿಕೊಂಡಿದ್ದಾರೆ ಎಂಬ ಸುದ್ದಿ ರೆಕ್ಕೆಪುಕ್ಕ ಕಟ್ಟಿಕೊಂಡು ಬೇತಮಂಗಲ ಮುಟ್ಟಿತ್ತು. ಸೀನಪ್ಪ ಕರೆದ ಹಾಲನ್ನು ಡೈರಿಗೂ ಹಾಕದೆ, ಕ್ಯಾನು ಕಟ್ಟಿದ್ದ ಮೊಪೆಡ್ಡನ್ನೇ ಓಡಿಸಿಕೊಂಡು ಬಂದಿದ್ದ. ಬಂದವನಿಗೆ ಕಂಡದ್ದು ರಸ್ತೆ ತುಂಬ ನಿಂತ ಹೆಂಗಸರು. ಅದೇ ಹೊತ್ತಿಗೆ ಒಳಗಿನಿಂದ ಸಾಲು ದಾಟಿ ಅವನ ಕಿವಿಗೆ ಬಂದದ್ದು, “ಅರ್ಚನಾ! ಬೇತಮಂಗಲ ಸೀನಪ್ಪನ ಮಗಳು!”

ಜನರನ್ನು ಸರಿಸಿಕೊಂಡು ಒಳಗೆ ಬಂದ. ಮಗಳು ಗಾಳಿಯಲ್ಲಿ ಎದ್ದು ಚೆಂಡು ಹಿಡಿದದ್ದನ್ನು ಮೊದಲ ಸಲ ಕಂಡ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. “ಇದೇ ಇವ್ಳು ದಿನಾ ಮಾಡ್ತಿದ್ದಿದ್ದಾ?” ಎಂದು ಪಕ್ಕದಲ್ಲಿದ್ದ ವೆಂಕಿಯನ್ನು ಕೇಳಿದನಂತೆ.

ನಾಲ್ಕನೇ ಕ್ವಾರ್ಟರಿನ ಕೊನೆಯ ಕ್ಷಣಗಳು. ಒಂದೇ ಒಂದು ಪಾಯಿಂಟ್ ಹಿಂದಿದ್ದೇವೆ. ಅರ್ಚನ ನುಗ್ಗಿದಳು, ಕೊಯಮತ್ತೂರಿನವಳು ಕೈಗೆ ಹೊಡೆದಳು, ರೆಫರಿ ಸೀಟಿ ಊದಿದ. ಎರಡು ಫ್ರೀ ಥ್ರೋ. ದೇವರಿಗೆ ನಮ್ಮ ಮೇಲೆ ಯಾಕಿಷ್ಟು ಹಟವೋ! ಅರ್ಚನ ಗೆರೆಯ ಮೇಲೆ ನಿಂತಳು. ಚೆಂಡನ್ನು ನೆಲಕ್ಕೆ ತಟ್ಟಿದಳು, ಮತ್ತೆ ತಟ್ಟಿದಳು, ಎಸೆಯಲಿಲ್ಲ. ಹೆಂಗಸರು ಕೂಗುತ್ತಲೇ ಇದ್ದರು.

ಮುತ್ಯಾಲಮ್ಮ ಎದ್ದು ಕೈ ಎತ್ತಿದಳು. “ಶ್! ಅಗ್ಗ ಎಳೀತಾವ್ರೆ!”

ಗಣಿಯಿಂದ ಜನರನ್ನು ಮೇಲೆತ್ತುವಾಗ, ಹಗ್ಗ ಅಲುಗಿದ ಕೂಡಲೇ ಮೇಲೆ ನಿಂತವರು ಮಾತು ನಿಲ್ಲಿಸುತ್ತಿದ್ದರಂತೆ. ಒಳಾಂಗಣವೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಇಷ್ಟು ದಿನ ಅರ್ಚನಳನ್ನು ಹೆದರಿಸಿದ್ದೂ ನಿಶ್ಶಬ್ದವೇ. ಆದರೆ ಅದು ಯಾರೂ ಇಲ್ಲದ್ದು. ಇದು ಇಷ್ಟು ಜನ ಅವಳಿಗಾಗಿ ಉಸಿರು ಹಿಡಿದದ್ದು. ಅವಳು ಒಮ್ಮೆ ಸುತ್ತ ನೋಡಿದಳು. ಬಾಗಿಲ ಬಳಿ ಅಪ್ಪನನ್ನು ಕಂಡಳು. ಎಸೆದಳು.

ಚೆಂಡು ಬುಟ್ಟಿಯ ಬಲೆಯಲ್ಲಿ ಸರಕ್ಕೆಂದು ಇಳಿಯಿತು. ಸಮ ಸಮ. ಯಾರೂ ಉಸಿರೆತ್ತಲಿಲ್ಲ, ಹಗ್ಗ ಇನ್ನೂ ಅಲುಗುತ್ತಿತ್ತಲ್ಲ.

ಎರಡನೆಯದು ಕಂಬಿಗೆ ಬಡಿದು ಹೊರಗೆ ಹಾರಿತು. ಎಲ್ಲರಿಗಿಂತ ಕುಳ್ಳಿ ನಮ್ಮ ಹರಿಪ್ರಿಯಾ, ಉದ್ದನೆಯ ಹುಡುಗಿಯರ ಕಂಕುಳ ಕೆಳಗಿಂದ ನುಸುಳಿ, ನೆಲಕ್ಕೆ ಬೀಳುವ ಚೆಂಡನ್ನು ಬೆರಳ ತುದಿಯಲ್ಲಿ ಎತ್ತಿ, “ತಗೋ ಅರ್ಚೀ!” ಎಂದು ಎಸೆದಳು. ಅರ್ಚನ ಹಿಡಿದಳು, ಎದ್ದಳು, ಹಾಕಿದಳು. ಎರಡು ಪಾಯಿಂಟ್ ಮುಂದೆ! ಕೊಯಮತ್ತೂರಿನವರು ಅರ್ಧ ಮೈದಾನದಿಂದ ಎಸೆದ ಚೆಂಡು ಗೋಡೆಗೆ ಹೋಯಿತು. ರೆಫರಿ ಸೀಟಿ ಊದಿದ. ಗೆದ್ದೆವು!

ಆ ಕೂಗಿಗೆ ತಗಡು ಹಾರಿಹೋಗದಿದ್ದದ್ದೇ ಆಶ್ಚರ್ಯ. ತಂಡ ಉಳಿಯಿತು, ಕೆಜಿಎಫ್‌ನಲ್ಲೇ ಉಳಿಯಿತು! ಮಂಜೇಶ್ ಯಾರನ್ನೋ ತಬ್ಬಿಕೊಂಡು ಅಳುತ್ತಿದ್ದ. ನೋಡಿದರೆ ಅವನ ಸಂಗು ಕೇಳಿ ಓಡಿ ಬಂದಿದ್ದ ಅಜ್ಜಿಯರಲ್ಲೇ ಒಬ್ಬಳು. ಸೀನಪ್ಪ ಮಗಳ ಮುಂದೆ ಹೋಗಿ ನಿಂತ. “ಇವತ್ತು ಸಂಜೆ ಹಾಲು ನಾನೇ ಕರ್ದಿವ್ನಿ, ನೀನು ನಿಧಾನ್ವಾಗ್ ಬಾ ಮಗ,” ಎಂದ. ಅರ್ಚನ ಅವನ ಭುಜದ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಒಡೆಯುವ ಮುಂಚೆ ಕಾಯಿಸಿ ಎಂದು ಮುತ್ಯಾಲಮ್ಮ ಆ ಹಾಲಿನ ಕ್ಯಾನನ್ನು ವಶಪಡಿಸಿಕೊಂಡು ಕ್ಲಬ್ಬಿನ ಅಡುಗೆಮನೆಯಲ್ಲಿ ಟೀ ಇಡಿಸಿದಳು.

ಆದರೂ ಯಾರೂ ಮನೆಗೆ ಹೊರಡಲಿಲ್ಲ. ಹುಡುಗಿಯರು ಬಟ್ಟೆ ಬದಲಿಸಲು ಮತ್ತೆ ಒಳಗೆ ಹೋಗಿದ್ದರಲ್ಲ! ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರ ಹೆಸರೂ ರಸ್ತೆಯವರೆಗೆ ಹೋಯಿತು. ಕೊಯಮತ್ತೂರಿನ ಹುಡುಗಿಯರು ತಲೆ ತಗ್ಗಿಸಿ ಪಕ್ಕದ ಬಾಗಿಲಿನಿಂದ ನುಣುಚಿಕೊಳ್ಳಲು ಹೊರಟಾಗ ಮುತ್ಯಾಲಮ್ಮ ಅಡ್ಡ ನಿಂತಳು. “ಎಲ್ಲಿಗ್ ಓಗ್ತೀರಾ? ನೀವೂ ಒಳ್ಗಿದ್ದೋರೇ. ಎಸ್ರು ಏಳಿ.” ಅವರ ಹೆಸರೂ ಅವರ ಅಪ್ಪಂದಿರ ಹೆಸರೂ ಅದೇ ದನಿಯಲ್ಲಿ ಹೋದವು. ಸೋತ ಹುಡುಗಿಯರು ಕೈಯಲ್ಲಿ ಟೀ ಲೋಟ ಹಿಡಿದು ಅಳುತ್ತ ನಗುತ್ತ ಬಸ್ಸು ಹತ್ತಿದರು.

ನಾನು ಡ್ರೆಸಿಂಗ್ ರೂಮಿನಲ್ಲಿ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅದು ನೆಪ. ಕಣ್ಣೀರು ಒರೆಸಿಕೊಳ್ಳಲು ಒಂದು ಮೂಲೆ ಬೇಕಿತ್ತು. ಹೊರಗೆ ಮುತ್ಯಾಲಮ್ಮ ವೆಂಕಿಗೆ ಹೇಳುವುದು ಕೇಳಿಸಿತು.

“ವೈರ್ ಸೇರ್ಸಿದ್ಯಾ? ಇರು, ಇವಾಗ್ಲೇ ಊದ್ಬ್ಯಾಡ. ಇನ್ನೂ ಒಬ್ಳು ಒಳ್ಗವ್ಳೆ.”

ಬಾಗಿಲು ಸರಿಸಿ ಹೊರಗೆ ಬಂದೆ. ಎಲ್ಲರೂ ಎದ್ದು ನಿಂತಿದ್ದರು. ಮುತ್ಯಾಲಮ್ಮ ನನ್ನ ಗಲ್ಲ ಹಿಡಿದಳು. ಅವಳ ಕೈಗೆ ಟೀಪುಡಿಯ ವಾಸನೆ.

“ಏನ್ ಎಸ್ರವ್ವ? ಯಾರ್ ಮಗಳು?”

ಇಷ್ಟು ವರ್ಷ ಆಡಿದ್ದೆ, ಆಡಿಸಿದ್ದೆ. ಯಾರೂ ಇದನ್ನು ಕೇಳಿರಲಿಲ್ಲ. ಮೆಲ್ಲಗೆ ಹೇಳಿದೆ.

“ಶಶಿರೇಖಾ!” ಎಂದು ಅವಳು ಕೂಗಿದಳು. “ಬಂಗಾರಪೇಟೆ ಜಯರಾಮಪ್ಪನ ಮಗಳು! ಬಂದ್ಳು!”

ನನ್ನ ಹೆಸರೂ ಅಪ್ಪನ ಹೆಸರೂ ಜೊತೆಯಾಗಿ ಸಾಲಿಂದ ಸಾಲಿಗೆ, ಬಾಗಿಲಿಗೆ, ರಸ್ತೆಗೆ ಹೋದವು. ಕೊನೆಯ ದನಿ ಎಷ್ಟು ದೂರದಿಂದ ಬಂತೆಂದರೆ, ಬಂಗಾರಪೇಟೆಯ ಮಂಡಿಯವರೆಗೂ ಮುಟ್ಟಿತೇನೋ ಅನಿಸಿತು.

“ಎಲ್ರೂ ಬಂದ್ರಾ?” ಎಂದು ರಸ್ತೆಯಿಂದ ಯಾರೋ ಕೇಳಿದರು.

“ಎಲ್ರೂ ಬಂದ್ರು,” ಎಂದಳು ಮುತ್ಯಾಲಮ್ಮ. ಆಮೇಲೆ ವೆಂಕಿಯ ಕಡೆ ತಿರುಗಿ, “ಊದ್ಲಾ. ಸಣ್ಣದಾಗ್ ಊದು,” ಎಂದಳು.

ಸಂಗು ಸಣ್ಣದಾಗಿ ಕೂಗಿ ನಿಂತಿತು. ಹೆಂಗಸರು ಚಪ್ಪಲಿ ಹುಡುಕಿಕೊಂಡು, ಮುಂದಿನ ವರ್ಷ ಆಟ ಯಾವಾಗ ಎಂದು ವಿಚಾರಿಸುತ್ತ ಮನೆಗೆ ಹೊರಟರು.